ಮುಗಿದ ಕಥೆಯ ಮುಂದಿನ ಭಾಗ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ತಲಕಾಡಿನ ಸಮೀಪ, ಕಾವೇರಿಯ ದಡದಲ್ಲಿ ಮುಡುಕುತೊರೆ ಎಂಬ ಊರಿದೆ. ಅಲ್ಲಿಯ ಗುಡ್ಡಕ್ಕೆ ಸೋಮಗಿರಿಯೆಂದು ಹೆಸರು. ಅದರ ನೆತ್ತಿಯಲ್ಲಿ ಮಲ್ಲಿಕಾರ್ಜುನಸ್ವಾಮಿಯ ದೇವಾಲಯ. ಗುಡ್ಡದ ಬಳಿ ಹೊಳೆಯು ತನ್ನ ದಿಕ್ಕನ್ನು ಬದಲಿಸಿ ತಿರುಗಿ ಹರಿಯುವುದರಿಂದಲೇ ಊರಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದು ಚಳಿ ಇನ್ನೂ ಬಿಡದ ದಿನಗಳಲ್ಲಿ, ಇಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. ದೂರದೂರದ ರೈತರು ಹಳ್ಳಿಕಾರ್ ಎತ್ತುಗಳನ್ನು ಸಿಂಗರಿಸಿ ಹೊಡೆದುಕೊಂಡು ಬರುತ್ತಾರೆ. ಹಗಲೆಲ್ಲ ಹಲ್ಲು ನೋಡುವುದು, ಸುಳಿ ನೋಡುವುದು, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು.

ಈ ಸೀಮೆಗೆ ದನಗಳ ಜಾತ್ರೆಯಷ್ಟೇ ಹೆಸರು ತಂದದ್ದು ಕಥೆ ಹಾಡುವ ಪರಂಪರೆ. ನರಸೀಪುರ, ನಂಜನಗೂಡು, ಕೊಳ್ಳೇಗಾಲ, ಚಾಮರಾಜನಗರಗಳ ಹಳ್ಳಿಹಳ್ಳಿಗಳಲ್ಲಿ ಮಲೆಯ ಮಾದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ತಂಬೂರಿ ಮೀಟಿ ಹಾಡುತ್ತಾರೆ. ಈ ಕಥೆಗಳು ಒಂದು ರಾತ್ರಿಗೆ ಮುಗಿಯುವಂಥವಲ್ಲ. ಅವುಗಳನ್ನು 'ಸಾಲು'ಗಳಾಗಿ ವಿಂಗಡಿಸಿರುತ್ತಾರೆ: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಹೀಗೆ. ಒಂದು ಸಾಲನ್ನು ಹಾಡಿ ಮುಗಿಸುವ ಹೊತ್ತಿಗೆ ಬೆಳಗಿನ ಕೋಳಿ ಕೂಗಿರುತ್ತದೆ. ಮತ್ತೊಂದು ರಾತ್ರಿ ಮತ್ತೊಂದು ಸಾಲು. ಕೇಳುವವರಿಗೆ ಕಥೆ ಗೊತ್ತು. ಮಾದಪ್ಪನು ಯಾರೆಂಬುದು ಗೊತ್ತು. ಕೊನೆಗೆ ಏನಾಗುವುದೆಂಬುದೂ ಗೊತ್ತು. ಆದರೂ ಅವರು ಕಂಬಳಿ ಹೊದ್ದು ಕುಳಿತು ಕೇಳುತ್ತಾರೆ. 'ಹೋದ ಸಲದ ಸಾಲು ಚೆನ್ನಾಗಿತ್ತು, ಈ ಸಲದ್ದು ಬರಿಯ ಮುಂದುವರಿಕೆ' ಎಂದು ಗೊಣಗುತ್ತಾ ಎದ್ದು ಹೋದವರ ಸುದ್ದಿ ಅಪರೂಪ.

ಅದೇ ಹಳ್ಳಿಗಳ ಇಂದಿನ ಮಕ್ಕಳಿಗೆ ಇನ್ನೊಂದು ಬಗೆಯ ಕಥೆಯೂ ಪರಿಚಿತವಾಗಿದೆ. ಅದು ಅನಿಮೇಷನ್ ಚಿತ್ರ. ಹಿಂದಿನವರು ಕಾರ್ಟೂನ್ ಚಿತ್ರವೆಂದು ಕರೆಯುತ್ತಿದ್ದುದು. ಕೈಯಿಂದ ಬಿಡಿಸಿದ ಅಥವಾ ಗಣಕಯಂತ್ರದಲ್ಲಿ ರೂಪಿಸಿದ ಚಿತ್ರಗಳನ್ನು ಸೆಕೆಂಡಿಗೆ 24ರಂತೆ ಓಡಿಸಿದಾಗ ನಿಶ್ಚಲವಾದ ಗೆರೆಗೆ ಜೀವ ಬಂದಂತಾಗುತ್ತದೆ. ಇದು ಹೊಸ ವಿದ್ಯೆಯೆನಿಸಿದರೂ ಕನ್ನಡ ನಾಡಿಗೆ ಇದರ ಹಿರಿಯ ನೆಂಟಸ್ತಿಕೆ ಉಂಟು. ಬಣ್ಣ ಹಾಕಿದ ತೊಗಲನ್ನು ದೀಪದ ಮುಂದೆ ಹಿಡಿದು, ಬಿಳಿಯ ಪರದೆಯ ಮೇಲೆ ರಾಮರಾವಣರನ್ನು ಕುಣಿಸಿದ ತೊಗಲುಗೊಂಬೆಯಾಟದವರು ಯಾವ ಯಂತ್ರದ ನೆರವೂ ಇಲ್ಲದೆ ಇದೇ ಬೆರಗನ್ನು ಮೂಡಿಸುತ್ತಿದ್ದರು.

ಇಂಥ ಚಿತ್ರಗಳಲ್ಲಿ ಒಂದು ಗೆದ್ದಿತೆಂದರೆ ಅದರ ಎರಡನೆಯ ಭಾಗ ಬಂದೇ ಬರುತ್ತದೆ. ಅನೇಕ ವೇಳೆ ಮೂರನೆಯದೂ ನಾಲ್ಕನೆಯದೂ ಬರುತ್ತವೆ. ಒಂದು ಸಂಸಾರವು ಬಸ್ಸು ಹಿಡಿದು ಮೈಸೂರಿಗೆ ಹೋಗಿ, ನಾಲ್ವರಿಗೆ ಟಿಕೆಟು ಕೊಂಡು, ನಡುವೆ ಮಕ್ಕಳಿಗೆ ತಿಂಡಿ ಕೊಡಿಸಿ ಹಿಂದಿರುಗುವಷ್ಟರಲ್ಲಿ ಒಂದು ದಿನದ ದುಡಿಮೆ ಕರಗಿರುತ್ತದೆ. ಹೋಗುವಾಗ ಮೊದಲ ಭಾಗದ ಮಾತುಗಳನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ ಮಗು, ಬರುವಾಗ ಕಿಟಕಿಯ ಹೊರಗೆ ನೋಡುತ್ತಾ ಸುಮ್ಮನೆ ಕುಳಿತಿರುತ್ತದೆ. 'ಚೆನ್ನಾಗಿತ್ತೇನು?' ಎಂದು ಕೇಳಿದರೆ 'ಚೆನ್ನಾಗಿತ್ತು' ಎಂದೇ ಹೇಳುತ್ತದೆ. ಹಣ ತೆತ್ತ ತಂದೆಯ ಮುಖ ನೋಡಿ ಬೇರೆ ಮಾತು ಹೇಳಲು ಅದಕ್ಕೆ ಮನಸ್ಸಾಗದು. ಆದರೆ ಆ ಮಾತುಗಳನ್ನು ಮತ್ತೆ ಅದು ಒಪ್ಪಿಸುವುದಿಲ್ಲ. ಮಾದಪ್ಪನ ಕಥೆ ಎಷ್ಟು ಸಾಲು ಬೆಳೆದರೂ ಬಳಲದಿರುವಾಗ, ಕೋಟ್ಯಂತರ ಹಣವನ್ನೂ ನೂರಾರು ಕಲಾವಿದರ ವರ್ಷಗಳ ಶ್ರಮವನ್ನೂ ನುಂಗುವ ಈ ಕಥೆ ಎರಡನೆಯ ಹೆಜ್ಜೆಯಲ್ಲಿಯೇ ಏಕೆ ಮುಗ್ಗರಿಸುತ್ತದೆ?

ಈ ಮುಗ್ಗರಿಕೆ ಇಂದಿನದಲ್ಲ. 1933ರಲ್ಲಿ ಅಮೆರಿಕದ ವಾಲ್ಟ್ ಡಿಸ್ನಿ ಮೂರು ಹಂದಿಮರಿಗಳ ಕಥೆಯನ್ನು ಕೆಲವೇ ನಿಮಿಷಗಳ ಚಿತ್ರವನ್ನಾಗಿ ಮಾಡಿದನು. ಹುಲ್ಲಿನ ಮನೆ, ಕಡ್ಡಿಯ ಮನೆ, ಇಟ್ಟಿಗೆಯ ಮನೆ. ಊದಿ ಕೆಡಹಲು ಬರುವ ತೋಳ. ಚಿತ್ರವನ್ನು ಜನ ಮುಗಿಬಿದ್ದು ನೋಡಿದರು. ಅದಕ್ಕೆ ಆಸ್ಕರ್ ಪ್ರಶಸ್ತಿಯೂ ಬಂದಿತು. ಚಿತ್ರಮಂದಿರಗಳವರು ಇನ್ನಷ್ಟು ಹಂದಿಗಳನ್ನು ಕೊಡಿರೆಂದು ದುಂಬಾಲು ಬಿದ್ದರು. ಡಿಸ್ನಿ 1934ರಲ್ಲಿ ಒಂದನ್ನೂ 1936ರಲ್ಲಿ ಇನ್ನೊಂದನ್ನೂ 1939ರಲ್ಲಿ ಮತ್ತೊಂದನ್ನೂ ಮಾಡಿಕೊಟ್ಟನು. ಅದೇ ಹಂದಿಗಳು, ಅದೇ ತೋಳ, ಅದೇ ಅಂಜಿಕೆ. ಆದರೆ ಮೊದಲನೆಯದಕ್ಕೆ ಸಂದ ಮನ್ನಣೆ ಯಾವುದಕ್ಕೂ ಸಲ್ಲಲಿಲ್ಲ. ಹಂದಿಗಳನ್ನು ಹಂದಿಗಳಿಂದಲೇ ಮೀರಿಸಲಾಗದೆಂಬ ಪಾಠವನ್ನು ಅವನು ಆಗ ಕಲಿತನಂತೆ. 1937ರಲ್ಲಿ ತೆರೆಗೆ ಬಂದ ಅವನ 'ಸ್ನೋ ವೈಟ್' ಹಂದಿಮರಿಗಳಿಗಿಂತ ಎಷ್ಟೋ ಪಾಲು ಹೆಚ್ಚಿನ ಜಯವನ್ನು ಗಳಿಸಿದರೂ, 1966ರಲ್ಲಿ ಅವನು ತೀರಿಕೊಳ್ಳುವವರೆಗೆ ಅದಕ್ಕೆ ಎರಡನೆಯ ಭಾಗವೊಂದು ತೆರೆಗೆ ಬರಲಿಲ್ಲ.

ಅವನು ಕಟ್ಟಿದ ಸಂಸ್ಥೆ ಆ ಪಾಠವನ್ನು ಬಹುಕಾಲ ನೆನಪಿನಲ್ಲಿಟ್ಟುಕೊಳ್ಳಲಿಲ್ಲ. 1992ರಲ್ಲಿ ಬಂದ 'ಅಲ್ಲಾದೀನ್' ಚಿತ್ರವನ್ನು ಬಲ್ಲವರಿಗೆ ಅದರ ಮುಕ್ತಾಯ ನೆನಪಿರುತ್ತದೆ. ದೀಪದೊಳಗಿನ ಜೀನಿ ಸಾವಿರಾರು ವರ್ಷಗಳಿಂದ ಪರರ ಆಜ್ಞೆಯನ್ನು ಪಾಲಿಸುತ್ತಾ ಬಂದ ಸೆರೆಯಾಳು. ಅಲ್ಲಾದೀನನು ತನಗೆ ಉಳಿದಿದ್ದ ಕಡೆಯ ವರವನ್ನು ತನಗಾಗಿ ಬಳಸದೆ ಅವನ ಬಿಡುಗಡೆಗಾಗಿ ವ್ಯಯಿಸುತ್ತಾನೆ. ಕೈಬಳೆಗಳ ಸಂಕೋಲೆ ಕಳಚಿ ಜೀನಿ ಆಕಾಶಕ್ಕೆ ಹಾರುತ್ತಾನೆ. ನೋಡುತ್ತಿದ್ದ ಮಗುವಿನ ಮನಸ್ಸೂ ಅವನೊಡನೆ ಹಾರುತ್ತದೆ. ಕೊಟ್ಟ ಮಾತನ್ನು ಉಳಿಸಿಕೊಂಡರೆ ಏನನ್ನು ಕಳೆದುಕೊಳ್ಳಬೇಕಾಗುತ್ತದೆ, ಏನನ್ನು ಗಳಿಸಬಹುದು ಎಂಬುದನ್ನು ಆ ಒಂದು ದೃಶ್ಯ ಮಗುವಿಗೆ ಯಾವ ಉಪದೇಶವೂ ಇಲ್ಲದೆ ತಿಳಿಸಿತ್ತು. ಎರಡು ವರ್ಷಗಳ ಬಳಿಕ, 1994ರಲ್ಲಿ, ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ವಿಡಿಯೊ ಕ್ಯಾಸೆಟ್ಟಿನಲ್ಲಿ ಅದರ ಮುಂದಿನ ಭಾಗ ಬಂದಿತು. ಅದರಲ್ಲಿ ಜೀನಿ ಲೋಕಸಂಚಾರ ಮುಗಿಸಿ ಹಿಂದಿರುಗುತ್ತಾನೆ, ಶಕ್ತಿಯೂ ಮೊದಲಿನಷ್ಟಿಲ್ಲ, ಮೊದಲ ಚಿತ್ರದಲ್ಲಿ ಅವನಿಗೆ ಕಂಠದಾನ ಮಾಡಿದ್ದ ರಾಬಿನ್ ವಿಲಿಯಮ್ಸ್ ಈ ಭಾಗದಲ್ಲಿ ಇರಲಿಲ್ಲ. ಗೆರೆಗಳ ಕುಸುರಿಯೂ ಬಡವಾಗಿತ್ತು. ಆದರೆ ಇವೆಲ್ಲ ಸಣ್ಣ ಕೊರತೆಗಳು. ದೊಡ್ಡ ಕೊರತೆಯೆಂದರೆ, ಬೀಳ್ಕೊಟ್ಟವನನ್ನು ಮರಳಿ ಕರೆತಂದುದು. ಯಾರ ಬಿಡುಗಡೆಗಾಗಿ ಮಗು ಕಣ್ಣು ಒದ್ದೆ ಮಾಡಿಕೊಂಡಿತ್ತೋ ಅವನು ಬಾಗಿಲಿಗೆ ಬಂದು, 'ಹೊರಗೆ ಅಂಥದ್ದೇನೂ ಇರಲಿಲ್ಲ' ಎಂದಂತಾಯಿತು.

ಆದರೂ ಆ ಕ್ಯಾಸೆಟ್ಟುಗಳು ಅಪಾರ ಸಂಖ್ಯೆಯಲ್ಲಿ ಮಾರಾಟವಾದವು. ಅಂದಿನಿಂದ ಹಳೆಯ ಜಯಗಳ ಹೆಸರನ್ನು ಹೊತ್ತ ಎರಡನೆಯ ಭಾಗಗಳು ಸಾಲುಗಟ್ಟಿದವು. 1950ರ 'ಸಿಂಡರೆಲ್ಲಾ'ಗೆ 52 ವರ್ಷಗಳ ಮೇಲೆ, 2002ರಲ್ಲಿ, ಮುಂದಿನ ಭಾಗವೊಂದನ್ನು ಹೊಂದಿಸಿದರು. ರಾಜಕುಮಾರನನ್ನು ಮದುವೆಯಾಗಿ ಸುಖವಾಗಿದ್ದಳೆಂದು ಹೇಳಿ ಮುಗಿಸಿದ ಕಥೆಗೆ ಇನ್ನೇನು ಮುಂದುವರಿಕೆ ಇದ್ದೀತೆಂದು ಕೇಳುವವರಿರಲಿಲ್ಲ. ಕಡೆಗೆ ಆ ಸಂಸ್ಥೆಯೇ 2007ರಲ್ಲಿ ಈ ಬಗೆಯ ಕ್ಯಾಸೆಟ್ ಮುಂದುವರಿಕೆಗಳನ್ನು ನಿಲ್ಲಿಸಲು ನಿಶ್ಚಯಿಸಿತು.

ಇನ್ನೊಂದು ಉದಾಹರಣೆ 1994ರ 'ದಿ ಲಯನ್ ಕಿಂಗ್'. ತಂದೆಯ ಸಾವಿಗೆ ತಾನೇ ಕಾರಣನೆಂದು ನಂಬಿ ಕಾಡಿಗೆ ಓಡಿಹೋದ ಸಿಂಹದ ಮರಿ, ಬೆಳೆದು ದೊಡ್ಡವನಾಗಿ, ಆ ಭಯವನ್ನು ಎದುರಿಸಲು ಹಿಂದಿರುಗುವನೋ ಇಲ್ಲವೋ ಎಂಬುದೇ ಅದರ ಪ್ರಾಣ. ತಪ್ಪು ಮಾಡಿದೆನೆಂದು ಅಂಜಿ ಮನೆಯ ಹಿತ್ತಿಲಲ್ಲಿ ಅವಿತುಕೊಂಡ ಅನುಭವವಿರುವ ಯಾವ ಮಗುವಿಗೂ ಈ ಸಿಂಬನು ಪರಕೀಯನಲ್ಲ. ಅವನು ಹಿಂದಿರುಗಿದನು, ಗೆದ್ದನು, ಕಥೆ ಮುಗಿಯಿತು. 1998ರ ಎರಡನೆಯ ಭಾಗದಲ್ಲಿ ಅವನು ಆಗಲೇ ರಾಜ. ಹಿಂದಿನ ಸಂಕಟ ತೀರಿಹೋಗಿದೆ. ಹಾಗಾದರೆ ಕಥೆಯನ್ನು ನಡೆಸುವುದೆಂತು? ಸತ್ತ ವೈರಿಗೆ ನಿಷ್ಠರಾದ ಒಂದು ಬಳಗವನ್ನು ಹೊಸದಾಗಿ ತರಬೇಕಾಯಿತು. ಮೊದಲ ಚಿತ್ರವನ್ನು ಎಷ್ಟು ಸಲ ನೋಡಿದರೂ ಈ ಬಳಗದ ಸುಳಿವು ಸಿಕ್ಕುವುದಿಲ್ಲ. ಗಟ್ಟಿಯಾಗಿ ನಿಂತ ಹಳೆಯ ಗೋಡೆಯಲ್ಲಿ ಹೊಸ ಬಾಗಿಲು ಕೊರೆಯಬೇಕಾದರೆ ಇಟ್ಟಿಗೆಗಳನ್ನು ಕೀಳಲೇಬೇಕು. ಎರಡನೆಯ ಭಾಗವು ಬಹುಮಟ್ಟಿಗೆ ಮೊದಲ ಭಾಗದ ಗೋಡೆಯನ್ನು ಕೆಡವಿಯೇ ಒಳಗೆ ಬರುತ್ತದೆ. ಪ್ರೇಕ್ಷಕನಿಗೆ ಆಗುವ ಬೇಸರದ ಬಹುಪಾಲು ಇದರಿಂದಲೇ ಹುಟ್ಟುತ್ತದೆ. ಹೊಸದು ಸೊಗಸಾಗಿಲ್ಲವೆಂಬುದಕ್ಕಿಂತ, ತನ್ನದೆಂದು ಮನೆಗೆ ಒಯ್ದಿದ್ದ ಹಳೆಯದು ಕೈತಪ್ಪಿತೆಂಬ ನೋವು ಅದು.

ನಗಿಸುವ ಪಾತ್ರಗಳ ವಿಷಯವನ್ನೂ ಇಲ್ಲಿ ಹೇಳಬೇಕು. ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಎರಡು ಗೊಂಬೆಗಳುಂಟು. ಯುದ್ಧದ ಅಬ್ಬರದ ನಡುವೆ ಇವು ಬಂದು, ಪರಸ್ಪರ ಜಗಳವಾಡಿ, ಊರಿನವರನ್ನೂ ಒಂದಿಷ್ಟು ಹಾಸ್ಯಮಾಡಿ ಮರೆಯಾಗುತ್ತವೆ. ಮಕ್ಕಳಿಗೆ ರಾಮನಿಗಿಂತ ಇವೇ ಅಚ್ಚುಮೆಚ್ಚು. ಆದರೆ ಮಕ್ಕಳು ಮೆಚ್ಚಿದರೆಂದು ಆಟದವರು ರಾಮನನ್ನು ಪೆಟ್ಟಿಗೆಗೆ ಹಾಕಿ ಬೆಳಗಿನವರೆಗೆ ಕಿಳ್ಳೇಕ್ಯಾತನನ್ನೇ ಕುಣಿಸಿದವರಲ್ಲ. ಊಟದೆಲೆಯಲ್ಲಿ ಉಪ್ಪಿನಕಾಯಿಗೆ ಒಂದು ಮೂಲೆ. ಆ ಮೂಲೆಯಲ್ಲಿದ್ದರೇ ಅದಕ್ಕೆ ರುಚಿ. 2006ರ 'ಕಾರ್ಸ್' ಚಿತ್ರದಲ್ಲಿ ಮೇಟರ್ ಎಂಬ ತುಕ್ಕು ಹಿಡಿದ, ಬಾಯಿಬಡುಕ ವಾಹನ ಎಲ್ಲರನ್ನೂ ನಗಿಸಿತು. 2011ರ ಎರಡನೆಯ ಭಾಗದಲ್ಲಿ ಅದನ್ನೇ ನಾಯಕನ ಸ್ಥಾನಕ್ಕೆ ಏರಿಸಿ, ಗೂಢಚಾರರ ಸಾಹಸದೊಳಗೆ ತಳ್ಳಿದರು. ಅದಕ್ಕೆ ಮೊದಲು ಸತತವಾಗಿ ಮೆಚ್ಚುಗೆಯನ್ನು ಪಡೆಯುತ್ತಾ ಬಂದಿದ್ದ ಪಿಕ್ಸಾರ್ ಸಂಸ್ಥೆಗೆ ವಿಮರ್ಶಕರಿಂದ ಕಟುವಾದ ಮಾತು ಕೇಳಿಬಂದದ್ದು ಆ ಚಿತ್ರಕ್ಕೆ.

ಭಾರತದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. 2005ರಲ್ಲಿ ವಿ. ಜಿ. ಸಾಮಂತ್ ನಿರ್ದೇಶಿಸಿದ 'ಹನುಮಾನ್' ಮಕ್ಕಳ ಮನಸ್ಸನ್ನು ಸೂರೆಗೊಂಡಿತು. ಸೂರ್ಯನನ್ನು ಹಣ್ಣೆಂದು ಬಗೆದು ನೆಗೆದ ಪುಟ್ಟ ಮಾರುತಿಯ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದವರು ಅದನ್ನು ಕಣ್ಣಾರೆ ಕಂಡರು. 2007ರಲ್ಲಿ 'ರಿಟರ್ನ್ ಆಫ್ ಹನುಮಾನ್' ಬಂದಿತು. ಅದನ್ನು ಮಾಡಿದವರು ಅನುರಾಗ್ ಕಶ್ಯಪ್. ಅವರು ಹಳೆಯದನ್ನೇ ಮತ್ತೆ ಬಡಿಸಲಿಲ್ಲ. ಶಾಲೆಯಲ್ಲಿ ಬಲಿಷ್ಠ ಹುಡುಗರ ಕಾಟಕ್ಕೆ ಸಿಲುಕಿದ ಬಾಲಕನೊಬ್ಬನಿಗಾಗಿ ಹನುಮಂತನು ಈ ಕಾಲದಲ್ಲಿ ಮನುಷ್ಯಶಿಶುವಾಗಿ ಹುಟ್ಟಿ ಬರುವಂತೆ ಮಾಡಿದರು. ಧೈರ್ಯದ ಕಲ್ಪನೆಯೇ ಸರಿ. ಆದರೆ ಎರಡು ವರ್ಷ ಹಿಂದಿನ ಮಾರುತಿಯನ್ನೇ ಕಾಣುವ ಆಸೆಯಿಂದ ಹೋದ ಮಗುವಿಗೆ ಪರದೆಯ ಮೇಲೆ ಹೆಸರು ಮಾತ್ರ ಅದಾಗಿ, ಉಳಿದುದೆಲ್ಲ ಬೇರೆಯಾಗಿ ಕಂಡರೆ ಆಶ್ಚರ್ಯವೇನು? ಹಂದಿಮರಿಗಳಲ್ಲಿ ಮೊದಲಿನದೇ ಹೆಚ್ಚಾಯಿತು. ಇಲ್ಲಿ ಮೊದಲಿನದು ಸಾಲದಾಯಿತು.

ಇಷ್ಟಕ್ಕೆಲ್ಲ ತಯಾರಕರ ಹಣದಾಸೆಯೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹಣದಾಸೆ ಇಲ್ಲವೆಂದಲ್ಲ. ಆದರೆ ಅನಿಮೇಷನ್ ಚಿತ್ರವೊಂದಕ್ಕೆ ನಾಲ್ಕೈದು ವರ್ಷಗಳ ದುಡಿಮೆ ಬೇಕು; ಅಪರಿಚಿತವಾದ ಕಥೆಯ ಮೇಲೆ ಅಷ್ಟು ಹಣ ಹೂಡಲು ಯಾರೂ ಅಂಜುತ್ತಾರೆ. ಪರಿಚಿತವಾದ ಹೆಸರು ಅವರಿಗೆ ಒಂದು ಆಸರೆ. ನೋಡುವವರ ಪಾಲೂ ಇದರಲ್ಲಿ ಇದೆ. 'ಅದನ್ನೇ ಕೊಡಿ' ಎಂದು ಕೇಳುವವರೂ ಅವರೇ, ಕೊಟ್ಟಾಗ 'ಅದೇ ಆಯಿತಲ್ಲ' ಎಂದು ಮುಖ ತಿರುಗಿಸುವವರೂ ಅವರೇ. ಅದೂ ಅಲ್ಲದೆ ನಡುವೆ ಉರುಳಿದ ವರ್ಷಗಳು ಸುಮ್ಮನೆ ಹೋಗುವುದಿಲ್ಲ. ಎಂಟನೆಯ ವಯಸ್ಸಿನಲ್ಲಿ ಬಾಯಿ ತೆರೆದು ನೋಡಿದ ಚಿತ್ರದ ಮುಂದಿನ ಭಾಗವನ್ನು ಹದಿಮೂರನೆಯ ವಯಸ್ಸಿನಲ್ಲಿ ನೋಡುವ ಹುಡುಗ ಹುಡುಕುವುದು ಚಿತ್ರದ ಮುಂದಿನ ಭಾಗವನ್ನಲ್ಲ, ತನ್ನ ಎಂಟನೆಯ ವಯಸ್ಸನ್ನು. ಅದನ್ನು ಕೊಡುವ ಶಕ್ತಿ ಯಾವ ನಿರ್ದೇಶಕನಿಗೂ ಇಲ್ಲ.

ಎರಡನೆಯ ಭಾಗಗಳೆಲ್ಲ ಸೋಲುತ್ತವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. 1995ರಲ್ಲಿ ಬಂದ 'ಟಾಯ್ ಸ್ಟೋರಿ' ಪೂರ್ತಿಯಾಗಿ ಗಣಕಯಂತ್ರದಲ್ಲಿ ರೂಪಿಸಿದ ಮೊಟ್ಟಮೊದಲ ಪೂರ್ಣಪ್ರಮಾಣದ ಕಥಾಚಿತ್ರ. ಆಂಡಿ ಎಂಬ ಬಾಲಕನ ಆಟಿಕೆಗಳು, ಅವನು ಕೋಣೆಯಲ್ಲಿಲ್ಲದಾಗ, ಜೀವ ತಳೆದು ಮಾತಾಡುತ್ತವೆ. ಅದರ ಎರಡನೆಯ ಭಾಗವನ್ನು ಮೊದಲು ಕ್ಯಾಸೆಟ್ಟಿಗಾಗಿ ಆರಂಭಿಸಿದ್ದರು. ಆಮೇಲೆ ಚಿತ್ರಮಂದಿರಕ್ಕೆಂದು ನಿಶ್ಚಯವಾಯಿತು. ಬಹುಪಾಲು ಕೆಲಸ ನಡೆದ ಮೇಲೆ ಮಾಡಿದವರಿಗೇ ಅದು ಒಪ್ಪಿಗೆಯಾಗಲಿಲ್ಲ. ಬಿಡುಗಡೆಗೆ ಸುಮಾರು ಒಂಬತ್ತು ತಿಂಗಳಷ್ಟೇ ಉಳಿದಿರುವಾಗ ಕಥೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿ, 1999ರಲ್ಲಿ ತೆರೆಗೆ ತಂದರು. ಅದರಲ್ಲಿ ವುಡಿ ಎಂಬ ಗೊಂಬೆಯ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಎಂದೆಂದಿಗೂ ಸವೆಯದೆ ಇರುವುದೋ, ಅಥವಾ ಇಂದಲ್ಲ ನಾಳೆ ಬೆಳೆದು ತನ್ನನ್ನು ಮರೆಯಲಿರುವ ಹುಡುಗನ ಬಳಿಗೆ ಹಿಂದಿರುಗುವುದೋ? ಆಟಿಕೆಗಳ ಕಥೆ ಎಂದೊಡನೆ ಇರಲೇಬೇಕಾದ ಪ್ರಶ್ನೆ ಇದು. ಮೊದಲ ಭಾಗದಲ್ಲಿಯೇ ಅದು ಮೂಲೆಯಲ್ಲಿ ಕುಳಿತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ. 2010ರ ಮೂರನೆಯ ಭಾಗದಲ್ಲಿ ಆಂಡಿ ನಿಜವಾಗಿಯೂ ಬೆಳೆದು ಕಾಲೇಜಿಗೆ ಹೊರಡುತ್ತಾನೆ. ತನ್ನ ಆಟಿಕೆಗಳನ್ನು ಒಬ್ಬ ಪುಟ್ಟ ಹುಡುಗಿಯ ಕೈಗೆ ಒಪ್ಪಿಸುತ್ತಾನೆ. 1995ರಲ್ಲಿ ಮೊದಲ ಭಾಗವನ್ನು ನೋಡಿದ್ದ ಮಕ್ಕಳೂ ಅಷ್ಟು ಹೊತ್ತಿಗೆ ಬೆಳೆದು ಮನೆ ಬಿಡುವ ವಯಸ್ಸಿಗೆ ಬಂದಿದ್ದರು. ಚಿತ್ರ ಅವರ ಎಂಟನೆಯ ವಯಸ್ಸನ್ನು ಮರಳಿಸುವ ಆಸೆ ತೋರಿಸಲಿಲ್ಲ. ಅದು ಮುಗಿದುದನ್ನು ಒಪ್ಪಿಕೊಂಡಿತು.

ಕನ್ನಡ ಕಾವ್ಯವನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ. 941ರಲ್ಲಿ ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ಬರೆದು ಭಾರತದ ಕಥೆಯನ್ನು ಕನ್ನಡದಲ್ಲಿ ನಿಲ್ಲಿಸಿದನು. ಸುಮಾರು ನಾಲ್ಕು ದಶಕಗಳ ಮೇಲೆ ಬಂದ ರನ್ನನಿಗೆ ಅದೇ ಕಥೆಯನ್ನು ಮತ್ತೆ ಹೇಳುವ ಕಷ್ಟ ಎದುರಾಯಿತು. ಅವನು ಪಂಪನ ಬೆನ್ನ ಹಿಂದೆಯೇ ನಡೆದು ಅವನಿಗಿಂತ ದೊಡ್ಡ ಭಾರತವನ್ನು ಬರೆಯಲು ಹೊರಡಲಿಲ್ಲ. ಕೊನೆಯ ದಿನದ ಗದಾಯುದ್ಧವೊಂದನ್ನೇ ಆರಿಸಿಕೊಂಡು, ಸಿಂಹವು ನಡೆಯುತ್ತಾ ನಿಂತು ಹಿಂದಿರುಗಿ ನೋಡುವಂತೆ, ಹಿಂದೆ ನಡೆದುದೆಲ್ಲವನ್ನೂ ಅಲ್ಲಿಂದಲೇ ನೋಡಿದನು. ನಾಯಕನನ್ನಾಗಿ ಭೀಮನನ್ನು ಆರಿಸಿಕೊಂಡರೂ, ಬಂಧುಗಳ ಹೆಣಗಳ ನಡುವೆ ಒಬ್ಬನೇ ನಡೆಯುವ ದುರ್ಯೋಧನನ ದುಃಖ ಓದುವವನ ಎದೆಯಲ್ಲಿ ಉಳಿಯುತ್ತದೆ. ಪಂಪನ ಕಥೆ ಹಾಗೆಯೇ ಉಳಿಯಿತು, ರನ್ನನದೂ ನಿಂತಿತು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಹಾಡಿ ಗದಾಪರ್ವಕ್ಕೆ ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಬರೆದು ಪೂರ್ಣಗೊಳಿಸಿದನು. ತಿಮ್ಮಣ್ಣನು ಸಾಮಾನ್ಯ ಕವಿಯಲ್ಲ; ಅವನ ಶ್ರದ್ಧೆಯೂ ಕಡಿಮೆಯದಲ್ಲ. ಆದರೆ ಹಳ್ಳಿಯ ಜಗಲಿಗಳಲ್ಲಿ ಗಮಕಿಗಳು ತೆರೆದು ಓದಿದ್ದು ಗದುಗಿನ ಭಾರತವನ್ನು. ಮುಗಿಯದೆ ಉಳಿದ ಪರ್ವಗಳನ್ನು ಮುಗಿಸಿಕೊಡುವುದು ಒಂದು ಕರ್ತವ್ಯ. ಹಾಡದೆ ಇರಲಾರೆನೆಂಬುದು ಬೇರೆ.

ಮಾದಪ್ಪನ ಸಾಲುಗಳು ದಣಿಯದಿರುವ ಗುಟ್ಟನ್ನು ಈ ಬೆಳಕಿನಲ್ಲಿ ನೋಡಬಹುದು. ಸಾಲಿನ ಹೆಸರು ಮಾದಪ್ಪನದಲ್ಲ. ಸಂಕಮ್ಮನದು, ಕಾಳಮ್ಮನದು, ಜುಂಜೇಗೌಡನದು. ಪ್ರತಿ ಸಾಲೂ ಒಂದು ಹೊಸ ಮನೆಯ ಬಾಗಿಲಲ್ಲಿ ಆರಂಭವಾಗುತ್ತದೆ. ಸಂಕಮ್ಮನ ಸಾಲನ್ನೇ ನೋಡಬಹುದು. ಕಾಡಿಗೆ ಹೊರಡುವ ಗಂಡ ನೀಲೇಗೌಡನು ಹೆಂಡತಿಯ ಶೀಲವನ್ನು ಶಂಕಿಸಿ ಬಲಗೈ ಭಾಷೆ ಕೊಡೆಂದು ಕೇಳುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಅವನು ಹಿಂಸಿಸುತ್ತಾನೆ, ಅವಳು ಸಹಿಸುತ್ತಾಳೆ, ಭಾಷೆಯನ್ನು ಮಾತ್ರ ಕೊಡುವುದಿಲ್ಲ. ಕೇಳುತ್ತಾ ಕುಳಿತ ಹೆಂಗಸರಿಗೆ ಆ ಗುಡಿಸಲು ಗೊತ್ತು, ಆ ಅನುಮಾನ ಗೊತ್ತು. ಮಾದಪ್ಪನು ಬರುವುದು ಆಮೇಲೆ. ಬಂದವನು ಅವಳ ಸಂಕಟವನ್ನು ನೀಗಿ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ಫಲವನ್ನು ಕೊಟ್ಟು ಮುಂದೆ ಹೋಗುತ್ತಾನೆ. ಬೇವಿನಹಟ್ಟಿಗೆ ಹೋದಾಗ ಅಲ್ಲಿ ಸಂಕಮ್ಮನ ನೋವಿಲ್ಲ. ಸಿರಿಯ ಸೊಕ್ಕಿನಲ್ಲಿ ಭಿಕ್ಷೆ ನಿರಾಕರಿಸುವ ಕಾಳಮ್ಮನಿದ್ದಾಳೆ. ದೇವರು ಅವನೇ; ಜೋಳಿಗೆ ಅದೇ; ಎದುರಾಗುವ ಮನುಷ್ಯರು ಬೇರೆ. ಕಾಳಮ್ಮನ ಕಥೆಯನ್ನು ನಡೆಸುವುದಕ್ಕಾಗಿ ಸಂಕಮ್ಮನ ಕಣ್ಣೀರನ್ನು ಮತ್ತೆ ಹರಿಸಬೇಕಾಗಿಲ್ಲ. ಅವಳ ಕಥೆ ಮುಗಿದದ್ದು ಮುಗಿದಂತೆಯೇ ಇರುತ್ತದೆ.

ಹಾಡುವವನಿಗೆ ಇನ್ನೊಂದು ಅನುಕೂಲವೂ ಉಂಟು. ಅವನು ಕೇಳುವವರ ಮುಖವನ್ನು ನೋಡುತ್ತಾ ಹಾಡುತ್ತಾನೆ. ಅವರು ತೂಕಡಿಸಿದರೆ ಲಯವನ್ನು ಬಿರುಸು ಮಾಡುತ್ತಾನೆ. ಕಣ್ಣೊರೆಸಿಕೊಂಡರೆ ಅಲ್ಲಿಯೇ ಇನ್ನಷ್ಟು ಹೊತ್ತು ನಿಲ್ಲುತ್ತಾನೆ. ಹಿಮ್ಮೇಳದವರು ಸೊಲ್ಲು ಕೊಡುವಷ್ಟರಲ್ಲಿ ಮುಂದಿನದನ್ನು ಯೋಚಿಸುತ್ತಾನೆ. ಸಿದ್ಧವಾಗಿ ಡಬ್ಬಿಯಲ್ಲಿ ಬಂದ ಚಿತ್ರಕ್ಕೆ ಮುಂದೆ ಕುಳಿತ ಮಗು ಆಕಳಿಸಿದ್ದು ತಿಳಿಯುವುದಿಲ್ಲ.

ಈ ಮಾತಿಗೆ ಕನ್ನಡ ನಾಡಿನಲ್ಲಿಯೇ ಈಗ ಒಂದು ಪರೀಕ್ಷೆ ಒದಗಿದೆ. 2025ರ ಜುಲೈ ತಿಂಗಳಿನಲ್ಲಿ 'ಮಹಾವತಾರ ನರಸಿಂಹ' ಎಂಬ ಅನಿಮೇಷನ್ ಚಿತ್ರ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡಿತು. ಅಶ್ವಿನ್ ಕುಮಾರ್ ಅದರ ನಿರ್ದೇಶಕರು. ಅರ್ಪಿಸಿದವರು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಸಂಸ್ಥೆಯವರು. ಪ್ರಹ್ಲಾದನ ಕಥೆ ಕನ್ನಡಿಗರಿಗೆ ಹೊಸದಲ್ಲ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜಕುಮಾರ್ ಹಿರಣ್ಯಕಶಿಪುವಾಗಿ, ಅವರ ಮಗ ಪುನೀತ್ ಪ್ರಹ್ಲಾದನಾಗಿ ನಟಿಸಿದುದನ್ನು ನೋಡಿದವರು ತಮ್ಮ ಮೊಮ್ಮಕ್ಕಳನ್ನು ಕರೆದುಕೊಂಡು ಈ ಚಿತ್ರಕ್ಕೆ ಹೋದರು. ಭಾರತದ ಅನಿಮೇಷನ್ ಚಿತ್ರಗಳಲ್ಲಿ ಹಿಂದೆಂದೂ ಕಾಣದಷ್ಟು ಗಳಿಕೆ ಅದಕ್ಕೆ ಆಯಿತು. ಚಿತ್ರ ಬಿಡುಗಡೆಯಾಗುವ ಮೊದಲೇ, ಎರಡೆರಡು ವರ್ಷಗಳಿಗೊಂದರಂತೆ 2037ರವರೆಗೆ ಒಟ್ಟು ಏಳು ಚಿತ್ರಗಳ ಹೆಸರನ್ನು ಪ್ರಕಟಿಸಿಯಾಗಿತ್ತು. ನರಸಿಂಹನ ಮುಂದಿನದು ಪರಶುರಾಮ. ಅದಕ್ಕೆ ಗೊತ್ತುಮಾಡಿದ ವರ್ಷ 2027.

ಮುಡುಕುತೊರೆಯವರಿಗೆ ಈ ವೇಳಾಪಟ್ಟಿ ಒಂದಿಷ್ಟು ವಿಚಿತ್ರವೆನಿಸೀತು. ಅಲ್ಲಿಯ ಮಲ್ಲಿಕಾರ್ಜುನನೂ ಸೇರಿದಂತೆ ತಲಕಾಡಿನ ಸುತ್ತಣ ಐದು ಶಿವಾಲಯಗಳ ಪಂಚಲಿಂಗ ದರ್ಶನ ಈಚೆಗೆ ನಡೆದದ್ದು 2006, 2009, 2013, 2020ರಲ್ಲಿ. ಮೂರು ವರ್ಷ, ನಾಲ್ಕು ವರ್ಷ, ಏಳು ವರ್ಷ: ಒಂದು ಅಂತರದಂತೆ ಇನ್ನೊಂದಿಲ್ಲ. ಕಾರ್ತಿಕ ಮಾಸದಲ್ಲಿ ವಾರ, ತಿಥಿ, ನಕ್ಷತ್ರಗಳು ಕೂಡಿ ಬಂದಾಗ ಮಾತ್ರ ಅದು ನಡೆಯುತ್ತದೆ. ಹಿಂದಿನ ಸಲ ಜನ ಬಹಳ ಸೇರಿದ್ದರೆಂದು ಮರುವರ್ಷವೇ ಇನ್ನೊಂದನ್ನು ನಡೆಸುವುದಿಲ್ಲ.

ಆದರೂ ಅವತಾರಗಳ ಈ ಸರಣಿಗೆ ಹಂದಿಮರಿಗಳಿಗೂ ಜೀನಿಗೂ ಇಲ್ಲದ ಒಂದು ಅನುಕೂಲವಿದೆ. ಅದು ಸಾಲುಗಳ ಅಚ್ಚಿನಲ್ಲಿಯೇ ಇದೆ. ಪರಶುರಾಮನ ಕಥೆಯನ್ನು ಹೇಳಲು ಪ್ರಹ್ಲಾದನನ್ನು ಮತ್ತೆ ಬೆಂಕಿಗೆ ತಳ್ಳಬೇಕಾಗಿಲ್ಲ. ಕಂಬದಿಂದ ಹೊರಬಂದ ಸಿಂಹ ಮತ್ತೆ ಕಂಬವನ್ನು ಹುಡುಕಬೇಕಾಗಿಲ್ಲ. ಆ ಕಥೆಗೆ ತನ್ನದೇ ಆದ ಮನೆಯಿದೆ. ಆ ಮನೆಯಲ್ಲಿ ಜಮದಗ್ನಿಯಿದ್ದಾನೆ, ರೇಣುಕೆಯಿದ್ದಾಳೆ. ಸವದತ್ತಿಯ ಗುಡ್ಡ ಹತ್ತುವ ಲಕ್ಷಾಂತರ ಜನರಿಗೆ ಅವಳು ಎಲ್ಲಮ್ಮ. ಪ್ರಹ್ಲಾದನು ತಂದೆಯ ಮಾತನ್ನು ಮೀರಿದ ಮಗ. ಪರಶುರಾಮನು ತಂದೆಯ ಮಾತಿಗೆ ಕೊಡಲಿಯೆತ್ತಿ ತಾಯಿಯ ತಲೆಯನ್ನು ಕಡಿದ ಮಗ. ಮೊದಲನೆಯ ಮಗನನ್ನು ಕಂಡು ಚಪ್ಪಾಳೆ ತಟ್ಟಿದ ಅದೇ ಮಕ್ಕಳು, ಅದೇ ತಾಯಂದಿರ ಪಕ್ಕದಲ್ಲಿ ಕುಳಿತು, ಎರಡನೆಯ ಮಗನನ್ನು ನೋಡಲಿದ್ದಾರೆ. ತಂದೆ ಕೊಟ್ಟ ವರದಿಂದ ತಾಯಿ ಮರಳಿ ಎದ್ದು ಕುಳಿತ ಮೇಲೆ ಆ ಮಗನು ಅವಳ ಮುಖವನ್ನು ಹೇಗೆ ನೋಡಿದನೆಂದು ಅವರಲ್ಲಿ ಒಂದು ಮಗುವಾದರೂ ಕೇಳದೆ ಇರಲಾರದು. ಚಿತ್ರ ಆ ದೃಶ್ಯದ ಮುಂದೆ ನಿಲ್ಲುವುದೋ, ಕೊಡಲಿಯ ಮಿಂಚನ್ನಷ್ಟೇ ತೋರಿಸಿ ಯುದ್ಧಕ್ಕೆ ಓಡುವುದೋ ಎಂಬುದು ತೆರೆ ಸರಿದ ಮೇಲೆ ತಿಳಿಯಬೇಕು.